ಎದೆಯ ಮೇಲೆ ಕನ್ನಡ, ಚೀಟಿಯಲ್ಲಿ ಇಂಗ್ಲಿಷ್

ಹೊಸ ಟ್ಯಾಟೂ ಇರುವ ಕೈ ಬೆಂಗಳೂರಿನಲ್ಲಿ ಸಾರ್ವಜನಿಕ ಆಸ್ತಿ. ಬಸ್ಸಿನಲ್ಲಿ ಪಕ್ಕ ಕುಳಿತವರು ಮುಟ್ಟಿ ನೋಡುತ್ತಾರೆ, ಕಚೇರಿಯಲ್ಲಿ ಯಾರೋ ಕೊಬ್ಬರಿ ಎಣ್ಣೆ ಸವರಲು ಹೇಳುತ್ತಾರೆ, ಮನೆಗೆ ಬಂದರೆ ಅಮ್ಮ ಅರಿಶಿನದ ಬಟ್ಟಲು ಹಿಡಿದು ನಿಂತಿರುತ್ತಾರೆ. ಇವರನ್ನೆಲ್ಲ ಕ್ಷಮಿಸಬಲ್ಲೆ. ಟ್ಯಾಟೂ ಅಂಗಡಿಗಳನ್ನು ಕ್ಷಮಿಸಲು ಮನಸ್ಸಾಗುತ್ತಿಲ್ಲ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಈ ಊರಿನಲ್ಲಿ ಎಷ್ಟು ತೋಳುಗಳ ಮೇಲೆ, ಎಷ್ಟು ಎದೆಗಳ ಮೇಲೆ ಅಪ್ಪು ಮುಖ ಮೂಡಿತು! ಆಟೋ ಓಡಿಸುವವರು, ಊಟ ತಲುಪಿಸುವ ಹುಡುಗರು, ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು. ಮುಂಗೈ ಮೇಲೆ ‘ಅಮ್ಮ’ ಎಂದು ಬರೆಸಿಕೊಂಡವರಿಗಂತೂ ಲೆಕ್ಕವಿಲ್ಲ. ಚರ್ಮದ ಮೇಲೆ ಅಷ್ಟು ಚೆಂದವಾಗಿ ಕನ್ನಡ ಬರೆಯುವ ಅಂಗಡಿ, ದುಡ್ಡು ಎಣಿಸಿಕೊಂಡು ಕೈಗಿಡುವ ಆರೈಕೆಯ ಚೀಟಿಯನ್ನು ಮಾತ್ರ ಇಂಗ್ಲಿಷಿನಲ್ಲಿ ಮುದ್ರಿಸಿರುತ್ತದೆ.

ನನ್ನ ಅಕ್ಕನ ಮಗನಿಗೆ ಸಿಕ್ಕಿದ್ದೂ ಅಂಥದ್ದೇ ಚೀಟಿ. ಅರ್ಥವಾಗದ್ದನ್ನು ಮಡಚಿ ಜೇಬಿಗಿಟ್ಟು ನೇರವಾಗಿ ಔಷಧಿ ಅಂಗಡಿಗೆ ಹೋಗಿದ್ದಾನೆ. ‘ಅಣ್ಣ, ಇದಕ್ಕೆ ಏನಾದರೂ ಕೊಡಿ’ ಎಂದ ತಕ್ಷಣ ಒಂದು ಟ್ಯೂಬ್ ಬಂದಿದೆ. ಅದರೊಳಗೆ ಆ್ಯಂಟಿಬಯೋಟಿಕ್, ಫಂಗಸ್ ಔಷಧಿ, ಸ್ಟಿರಾಯ್ಡ್ ಮೂರೂ ಕಲಸಿವೆ. ಮೈ ಕೆರೆತ ಎಂದು ಯಾರು ಹೋದರೂ ಇದನ್ನೇ ಕೊಡುವ ಅಭ್ಯಾಸ ನಮ್ಮಲ್ಲಿದೆ. 2018ರಲ್ಲೇ ಕೇಂದ್ರ ಸರ್ಕಾರ ಹಲವು ಸ್ಟಿರಾಯ್ಡ್ ಮುಲಾಮುಗಳಿಗೆ ವೈದ್ಯರ ಚೀಟಿ ಕಡ್ಡಾಯ ಮಾಡಿತು. ಬೀದಿ ಕೊನೆಯ ಅಂಗಡಿಯಲ್ಲಿ ಚೀಟಿ ಕೇಳುವವರು ಯಾರು?

‘ಹಚ್ಚಿದ ಕೂಡಲೇ ತುರಿಕೆ ನಿಲ್ಲುತ್ತದೆ ಚಿಕ್ಕಮ್ಮ, ಒಳ್ಳೆಯದೇ ತಾನೆ?’ ಎಂದು ಕೇಳಿದ. ತೊಂದರೆ ಅಲ್ಲೇ ಇದೆ. ಸೂಜಿ ಶಾಯಿಯನ್ನು ಮೇಲ್ಪದರ ದಾಟಿಸಿ, ಒಂದೆರಡು ಮಿಲಿಮೀಟರ್ ಕೆಳಗಿನ ಒಳಚರ್ಮಕ್ಕೆ ಇಳಿಸುತ್ತದೆ. ದೇಹದ ರಕ್ಷಕ ಕೋಶಗಳು ಅಲ್ಲಿಗೆ ಧಾವಿಸಿ ಶಾಯಿಯ ಕಣಗಳನ್ನು ನುಂಗಿ ಅಲ್ಲೇ ಕೂರುತ್ತವೆ. ಟ್ಯಾಟೂ ವರ್ಷಗಟ್ಟಲೆ ಉಳಿಯುವುದೇ ಹಾಗೆ. ಮೇಲಿನ ಗಾಯ ಮುಚ್ಚಿಕೊಳ್ಳುವಾಗ ಕೆಂಪಾಗುವುದು, ತುರಿಸುವುದು, ತೆಳು ಸಿಪ್ಪೆ ಏಳುವುದು ಎಲ್ಲವೂ ಸಹಜ. ಸ್ಟಿರಾಯ್ಡ್ ಈ ಕೆಲಸವನ್ನೇ ತಡೆಯುತ್ತದೆ. ಗಾಯ ಮಾಯುವುದು ತಡವಾಗುತ್ತದೆ, ಚರ್ಮ ತೆಳುವಾಗುತ್ತದೆ, ಒಳಗೆ ಸೋಂಕಿದ್ದರೆ ಅದರ ಗುರುತೇ ಮುಚ್ಚಿಹೋಗುತ್ತದೆ. ಟ್ಯೂಬಿನ ಮೇಲೆ ಬೀಟಾಮೆಥಾಸೋನ್, ಕ್ಲೋಬೆಟಸಾಲ್ ಎಂಬ ಸ್ಟಿರಾಯ್ಡ್‌ಗಳ ಹೆಸರು ಕಂಡರೆ, ವೈದ್ಯರು ಬರೆದುಕೊಡದ ಹೊರತು ವಾಪಸು ಕೊಟ್ಟುಬಿಡಿ.

ಅಮ್ಮನ ವಾದ ಬೇರೆ. ‘ನಿಮ್ಮಜ್ಜಿಗೆ ಕೊರವಂಜಿ ಹಚ್ಚೆ ಹಾಕಿದಾಗ ಅರಿಶಿನವನ್ನೇ ಬಳಿದಿದ್ದು, ಅವರಿಗೇನಾಯಿತು?’ ಏನೂ ಆಗಲಿಲ್ಲ, ನಿಜ. ಆದರೆ ಆಗಿದ್ದವರ ಕಥೆಯನ್ನು ನಮಗೆ ಹೇಳಲು ಯಾರೂ ಉಳಿಸಿಕೊಂಡಿಲ್ಲ. ಅಡುಗೆಮನೆಯ ಡಬ್ಬಿಯ ಅರಿಶಿನ ಶುದ್ಧೀಕರಿಸಿದ ಔಷಧಿಯಲ್ಲ, ಕೆಲವರ ಚರ್ಮಕ್ಕೆ ಅದೇ ಅಲರ್ಜಿ.

ಹಾಗಾದರೆ ಆ ಚೀಟಿಯಲ್ಲಿ ಇದ್ದದ್ದೇನು? ಕನ್ನಡದಲ್ಲಿ ಹೇಳಿದರೆ ಇಷ್ಟೇ. ಮೊದಲು ಕೈ ತೊಳೆಯಿರಿ. ಆಮೇಲೆ ಉಗುರುಬೆಚ್ಚಗಿನ ನೀರು, ಪರಿಮಳವಿಲ್ಲದ ಸೋಪಿನಿಂದ ಟ್ಯಾಟೂವನ್ನು ಮೆಲ್ಲಗೆ ತೊಳೆಯಿರಿ. ಸ್ನಾನದ ಟವೆಲ್ಲಿನಿಂದ ಉಜ್ಜಬೇಡಿ, ಶುಭ್ರವಾದ ಟಿಶ್ಯೂ ಒತ್ತಿ ತೇವ ತೆಗೆಯಿರಿ. ಪರಿಮಳವಿಲ್ಲದ ಮಾಯಿಶ್ಚರೈಸರ್ ತೀರಾ ತೆಳುವಾಗಿ ಹಚ್ಚಿ. ದೋಸೆ ಕಾವಲಿಗೆ ಎಣ್ಣೆ ಸವರಿದಷ್ಟು ಸಾಕು, ಹೆಚ್ಚಾದರೆ ಗಾಯ ಒದ್ದೆಯಾಗಿಯೇ ಉಳಿಯುತ್ತದೆ. ಸಿಪ್ಪೆ ಕೀಳಬೇಡಿ, ಕಿತ್ತ ಕಡೆ ಬಣ್ಣ ಹೋಗುತ್ತದೆ, ಕಲೆ ನಿಲ್ಲುತ್ತದೆ. ಮೇಲ್ಚರ್ಮ ಕೂಡಿಕೊಳ್ಳಲು ಎರಡರಿಂದ ನಾಲ್ಕು ವಾರ ಬೇಕು, ಒಳಗಿನದಕ್ಕೆ ತಿಂಗಳುಗಳೇ ಹಿಡಿಯಬಹುದು. ಅಪಾರ್ಟ್‌ಮೆಂಟಿನ ಈಜುಕೊಳ ಗಾಯ ಪೂರ್ತಿ ಮುಚ್ಚುವವರೆಗೆ ಕಾಯಲಿ.

ಚೀಟಿ ಬರೆದವರಿಗೆ ನಮ್ಮ ರಸ್ತೆಗಳ ನೆನಪಿದ್ದಂತಿಲ್ಲ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಬಿಸಿಲು, ಧೂಳು, ಹೊಗೆ ಮೂರನ್ನೂ ಕುಡಿಯುತ್ತ ಬೈಕಿನ ಮೇಲೆ ಕಾಯುವ ಕೈಗೆ ಏನು ಹೇಳುತ್ತೀರಿ? ಡೆಲಿವರಿ ಹುಡುಗರು ತೋಳಿಗೆ ಬಿಗಿಯಾದ ನೈಲಾನ್ ಉಡುಪು ತೊಡುತ್ತಾರಲ್ಲ, ಹಸಿ ಟ್ಯಾಟೂ ಮೇಲೆ ಅದು ಬೆವರು ಹಿಡಿದು ಉಜ್ಜುತ್ತದೆ. ಸಡಿಲವಾದ ತುಂಬುತೋಳಿನ ಹತ್ತಿ ಅಂಗಿ ಮೇಲು. ಗಾಯ ಮಾಯುವ ಮೊದಲು ಸನ್‌ಸ್ಕ್ರೀನ್ ಬೇಡ, ಬಟ್ಟೆಯ ನೆರಳು ಸಾಕು. ಮಾಯ್ದ ಮೇಲೆ ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ್ದನ್ನು ಹಚ್ಚಿಕೊಳ್ಳಿ, ಇಲ್ಲದಿದ್ದರೆ ಬಣ್ಣ ಬೇಗ ಮಾಸುತ್ತದೆ.

ಶಾಯಿಯ ವಿಷಯ ಆರೈಕೆಗೆ ಮೀರಿದ್ದು. 2025ರಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರೇ ಹೇಳಿದ ಪ್ರಕಾರ, ರಾಜ್ಯದಲ್ಲಿ ಪರೀಕ್ಷಿಸಿದ ಟ್ಯಾಟೂ ಶಾಯಿಗಳಲ್ಲಿ ಆರ್ಸೆನಿಕ್, ಕ್ರೋಮಿಯಂ ಸೇರಿ 22 ಲೋಹಗಳು ಕಂಡುಬಂದಿದ್ದವು. ಕಾನೂನು ಬರುವವರೆಗೆ ನಾವು ಮಾಡಬಹುದಾದದ್ದು ಕಡಿಮೆ. ಹೊಸ ಸೂಜಿಯನ್ನು ಕಣ್ಣೆದುರೇ ಬಿಚ್ಚಿ ಎಂದು ಕೇಳಲು ಸಂಕೋಚ ಬೇಡ.

ಅಂಗಡಿಯವರೇ, ಮೇಲಿನ ಚೀಟಿಯನ್ನು ಹಾಗೆಯೇ ಮುದ್ರಿಸಿಕೊಳ್ಳಿ, ನನ್ನ ಹೆಸರು ಬೇಕಿಲ್ಲ. ಕೆಳಗೆ ಇಷ್ಟನ್ನು ದಪ್ಪ ಅಕ್ಷರದಲ್ಲಿ ಸೇರಿಸಿ: ಕೆಲವು ದಿನ ಕಳೆದರೂ ಕೆಂಪು ಹರಡುತ್ತಿದ್ದರೆ, ನೋವು ಏರುತ್ತಿದ್ದರೆ, ಕೀವು ಅಥವಾ ಜ್ವರ ಬಂದರೆ ಚರ್ಮವೈದ್ಯರಲ್ಲಿಗೆ ಹೋಗಿ. ದುಡ್ಡಿನ ಚಿಂತೆಯಿದ್ದರೆ ಶಿವಾಜಿನಗರದ ಬೌರಿಂಗ್ ಸರ್ಕಾರಿ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿದೆ. ಹೋಗುವಾಗ ಅಲ್ಲಿಯವರೆಗೆ ಹಚ್ಚಿದ ಟ್ಯೂಬುಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಹೋಗಿ, ವೈದ್ಯರು ಅದನ್ನು ಕೇಳಿಯೇ ಕೇಳುತ್ತಾರೆ.