ಜಗಲಿಯ ಮೇಲಿನ ಏಳನೆಯವ

ಹೋದ ಬೇಸಿಗೆಯಲ್ಲಿ ಕಾಕಾ ಸುತ್ತಿಗೆ ಹಿಡಿದು ಗೊಬ್ಬರ ಒಡೆಯುತ್ತಿದ್ದರು. ಸಿಂಧನೂರಿನ ಬಿಸಿಲು, ತಗಡಿನ ಶೆಡ್ಡು, ಮೂಲೆಯಲ್ಲಿ ಹಿಂದಿನ ಹಂಗಾಮಿಗೆ ತಂದು ಉಳಿದಿದ್ದ ಹತ್ತು ಕೆಜಿ ಜಿಂಕ್ ಚೀಲ. ತಂದಾಗ ದಪ್ಪ ಸಕ್ಕರೆಯ ಹಾಗೆ ಬಿಡಿಬಿಡಿಯಾಗಿತ್ತು. ಈಗ ಚೀಲದ ಆಕಾರದಲ್ಲೇ ಒಂದು ಬಂಡೆ.

"ಉಪ್ಪು ತಂದ್ನೋ, ಕಲ್ಲು ತಂದ್ನೋ, ತಮ್ಮಾ?" ಅಂದರು.

ಎರಡೂ ಹೌದು ಕಾಕಾ, ಅಂದೆ. ಸುಮ್ನೆ ಹೇಳಿದ ಮಾತಲ್ಲ. ಅಂಗಡಿಯಲ್ಲಿ ಜಿಂಕ್ ಸಲ್ಫೇಟ್ ಅನ್ನಿಸಿಕೊಳ್ಳುವ ಇದೇ ಹರಳು ಗಣಿಯೊಳಗೆ ತಾನಾಗಿ ಬೆಳೆದರೆ ಅದಕ್ಕೆ ಗೋಸ್ಲರೈಟ್ ಅಂತ ಹೆಸರು. ಜರ್ಮನಿಯ ಹಾರ್ಟ್ಸ್ ಬೆಟ್ಟಗಳ ಪಕ್ಕದ ಗೋಸ್ಲರ್ ಊರಿನಿಂದ ಬಂದದ್ದು. ಅಲ್ಲಿನ ರಾಮೆಲ್ಸ್‌ಬರ್ಗ್ ಗಣಿಯಲ್ಲಿ ಸಾವಿರ ವರ್ಷ ಅದಿರು ತೆಗೆದು, 1988ರಲ್ಲಿ ಬಾಗಿಲು ಹಾಕಿದರು. ಈಗ ಅದು ಮ್ಯೂಸಿಯಂ. ಸತುವಿನ, ಅಂದರೆ ಜಿಂಕಿನ, ಅದಿರಿಗೆ ಗಾಳಿ, ನೀರು ತಾಗಿ ಜಿಂಕ್ ಸಲ್ಫೇಟ್ ಆಗುತ್ತದೆ. ಅದು ನೀರಿನ ಜೊತೆ ಜಿನುಗಿ, ಹಳೆಯ ಸುರಂಗದ ಗೋಡೆಗಳ ಮೇಲೆ ಬಿಳಿ ಕೂದಲಿನ ಹಾಗೆ, ಕೆಲವು ಕಡೆ ಮೇಲಿಂದ ಇಳಿಬಿದ್ದ ಕೋಲಿನ ಹಾಗೆ ಹರಳುಗಟ್ಟುತ್ತದೆ. ಉಗುರಲ್ಲಿ ಕೆರೆದರೆ ಗೀರು ಬೀಳುವಷ್ಟು ಮೆತ್ತಗೆ. ಕಲ್ಲು ಅನ್ನೋದಕ್ಕೆ ಸ್ವಲ್ಪ ಸಂಕೋಚವೇ.

ಸಂಕೋಚಕ್ಕೆ ಇನ್ನೊಂದು ಕಾರಣವೂ ಇದೆ. ಈ ಕಲ್ಲಿನಲ್ಲಿ ಒಂದು ಜಿಂಕ್ ಸಲ್ಫೇಟಿಗೆ ಏಳು ನೀರಿನ ಕಣ. ತೂಕದಲ್ಲಿ ಹೇಳುವುದಾದರೆ ನೂರಕ್ಕೆ ಸುಮಾರು 44 ಪಾಲು ನೀರೇ. ಅಂದರೆ ಕಾಕಾನ ಹತ್ತು ಕೆಜಿ ಚೀಲದಲ್ಲಿ ನಾಲ್ಕು ಕೆಜಿ ಚಿಲ್ಲರೆ ನೀರಿತ್ತು! ಮುಟ್ಟಿದರೆ ಕೈ ಒದ್ದೆಯಾಗುವುದಿಲ್ಲ, ಚೀಲ ಸೋರುವುದಿಲ್ಲ. ಹಾಲಿನವನು ಇದರ ಅರ್ಧ ನೀರು ಬೆರೆಸಿದ್ದರೂ ಕಾಕಾ ಅವನನ್ನು ಓಣಿಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಇಲ್ಲಿ ಮಾತ್ರ ಚೀಲದ ಮೇಲೆ 21% ಜಿಂಕ್ ಅಂತ ಪ್ರಾಮಾಣಿಕವಾಗಿ ಅಚ್ಚು ಹಾಕಿರುತ್ತಾರೆ. ಒಂದೇ ನೀರಿನ ಕಣ ಇರುವ 33%ರ ಚೀಲವೂ ಸಿಗುತ್ತದೆ. ಅದರಲ್ಲಿ ನೀರು ಕಮ್ಮಿ, ಹಾಗಾಗಿ ಜಿಂಕ್ ಜಾಸ್ತಿ.

ಏಳು ನೀರಿಗೂ ಒಂದೇ ಮರ್ಯಾದೆ ಇಲ್ಲ. ಆರು ಕಣಗಳು ಸತುವಿನ ಸುತ್ತ ಅಂಟಿಕೊಂಡು ಕೂತಿರುತ್ತವೆ, ಮನೆಯೊಳಗೆ ಪಂಕ್ತಿಯಲ್ಲಿ ಕೂತ ಹಾಗೆ. ಏಳನೆಯದಕ್ಕೆ ಒಳಗೆ ಜಾಗವಿಲ್ಲ. ಅದು ಜಗಲಿಯ ಮೇಲೆ ಕೂತ ನೆಂಟ, ಸಂಬಂಧ ಉಂಟು, ಸಲಿಗೆ ಅಷ್ಟಿಲ್ಲ. ಸೆಕೆ ಹೆಚ್ಚಾದರೆ ಮೊದಲು ಎದ್ದು ಹೊರಡುವವನು ಅವನೇ. ಸುಮಾರು 39 ಡಿಗ್ರಿ ಮುಟ್ಟಿದರೆ ಸಾಕು, ಏಳಿದ್ದದ್ದು ಆರಾಗುತ್ತದೆ. ಆಗ ಆ ಖನಿಜದ ಹೆಸರೇ ಬದಲು, ಬಿಯಾಂಕೈಟ್. ನಮ್ಮ ಕಡೆ ತಗಡಿನ ಶೆಡ್ಡಿಗೆ 39 ಯಾವ ಲೆಕ್ಕ? ಹೊರಟ ನೀರು ಕಟ್ಟಿದ ಚೀಲದಿಂದ ಎಲ್ಲಿಗೆ ಹೋದೀತು? ಅಲ್ಲೇ ಹರಳುಗಳನ್ನು ನೆನೆಸಿತು. ರಾತ್ರಿ ತಣ್ಣಗಾದಾಗ ಎಲ್ಲ ಅಂಟಿ ಗಡ್ಡೆ ಕಟ್ಟಿತು. ಕಾಕಾನ ಸುತ್ತಿಗೆಗೆ ಕೆಲಸ ಹುಟ್ಟಿದ್ದು ಹೀಗೆ.

ಮ್ಯೂಸಿಯಂನವರ ಪಾಡು ಇನ್ನೊಂದು ಥರ. ಕಪಾಟಿನ ಒಣ ಗಾಳಿಯಲ್ಲಿ ಬಿಟ್ಟರೆ ಗೋಸ್ಲರೈಟ್ ನೀರು ಬಿಟ್ಟು ಬಿಳಿ ಹಿಟ್ಟಾಗುತ್ತದೆ. ತೊಳೆಯೋಣ ಅಂದರೆ ಪೂರ್ತಿ ಕರಗಿಯೇ ಹೋಗುತ್ತದೆ. ಇಷ್ಟು ನಾಜೂಕಿನ ಕಲ್ಲನ್ನು ನಾನು ಬೇರೆ ಕಂಡಿಲ್ಲ.

ಭತ್ತಕ್ಕೆ ಮಾತ್ರ ಇದು ಬೇಕೇ ಬೇಕು. ಸಿಗದಿದ್ದರೆ ನಾಟಿಯಾಗಿ ಎರಡು ಮೂರು ವಾರಕ್ಕೆ ಕೆಳಗಿನ ಎಲೆಗಳಲ್ಲಿ ತುಕ್ಕಿನ ಚುಕ್ಕೆ ಬಿದ್ದು, ಪೈರು ಕುಳ್ಳಗೆ ನಿಂತುಬಿಡುತ್ತದೆ. ಉತ್ತರದವರು ಇದನ್ನು ಖೈರಾ ಅನ್ನುತ್ತಾರೆ, ವೀಳ್ಯಕ್ಕೆ ಹಚ್ಚುವ ಕಾಚಿನ ಬಣ್ಣ ಅಂತ. ಪಂತನಗರ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿ ಯಶವಂತ ನೇನೆ 1960ರ ದಶಕದಲ್ಲಿ ಇದು ರೋಗಾಣುವಿನ ಕೆಲಸವಲ್ಲ, ಸತುವಿನ ಕೊರತೆ ಅಂತ ತೋರಿಸಿದರು.

ಬೇಡಿಕೆ ಇದ್ದಲ್ಲಿ ಮೋಸವೂ ಇರುತ್ತದಲ್ವಾ. ಅಗ್ಗದ ಮೆಗ್ನೀಸಿಯಂ ಸಲ್ಫೇಟಿಗೂ ಏಳೇ ನೀರು, ಹರಳಿನ ಕಟ್ಟಡವೂ ಅದೇ. ಅವಳಿ ಮಕ್ಕಳ ಹಾಗೆ, ಕಣ್ಣಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಪತ್ತೆ ಹಚ್ಚಲು ರೈತರಿಗೆ ಹೇಳಿಕೊಡುವ ಒಂದು ಸುಲಭ ದಾರಿ ಇದೆ: ಡಿಎಪಿ ಅನ್ನೋ ರಂಜಕದ ಗೊಬ್ಬರ ಕರಗಿಸಿದ ತಿಳಿಗೆ ಚೀಲದ ಹರಳು ಕರಗಿಸಿದ ನೀರು ಹಾಕಿ ನೋಡುವುದು. ಜಿಂಕ್ ಆಗಿದ್ದರೆ ಬಿಳಿ ಗಸಿ ಗಟ್ಟಿಯಾಗಿ ಕಟ್ಟುತ್ತದೆ, ಮೆಗ್ನೀಸಿಯಂ ಆಗಿದ್ದರೆ ಹಾಗೆ ಕಟ್ಟುವುದಿಲ್ಲ.

ಕಾಕಾ ಒಡೆದ ಬಂಡೆಯಿಂದ ಒಂದು ಚೂರು ತಂದು, ಮೂಲೆಗೆ ಬಿದ್ದಿದ್ದ ಎರಡು ಹಳೇ ಚಾ ಗ್ಲಾಸಿನಲ್ಲಿ ಮಾಡಿ ತೋರಿಸಿದೆ. ಒಂದನ್ನು ಇನ್ನೊಂದಕ್ಕೆ ಸುರಿದ ಕೂಡಲೇ ಹಾಲು ಒಡೆದ ಹಾಗೆ ಬಿಳಿ ಮುದ್ದೆ ಮುದ್ದೆ.

"ಅಸಲಿ ಜಿಂಕ್, ಕಾಕಾ. ಅಂಗಡಿಯವ ಮೋಸ ಮಾಡಿಲ್ಲ."

ಕಾಕಾ ಗ್ಲಾಸನ್ನು ಬೆಳಕಿಗೆ ಹಿಡಿದು ಅಲ್ಲಾಡಿಸಿದರು. ಮುದ್ದೆ ಕರಗಲಿಲ್ಲ. "ಇದನ್ನ ಬೇರು ಹೀರ್ತದೇನು?"

"ಕಷ್ಟ. ಅದಕ್ಕೇ ಡಿಎಪಿ ಜೊತೆ ಜಿಂಕ್ ಕಲಸಿ ಹಾಕಬಾರದು ಅಂತ ಹೇಳೋದು."

ಕಾಕಾ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಗ್ಲಾಸು ಕೆಳಗಿಟ್ಟರು. "ಅಂದ್ರ ಹತ್ತು ವರ್ಷ ನಾ ಗದ್ದ್ಯಾಗ ಮೊಸರು ಮಾಡ್ಲಿಕ್ಕತ್ತಿದ್ನೇನೋ?"