ಮಗನಿಗೆ ಕೊಡಲಿ, ಅಳಿಯನಿಗೆ ಕಿರೀಟ

ಇಂಗ್ಲೆಂಡಿನ ಸಾಮರ್‌ಸೆಟ್ ಸೀಮೆಯಲ್ಲಿ, 1685ರಲ್ಲಿ ಕಿರೀಟಕ್ಕಾಗಿ ದಂಗೆಯೆದ್ದ ಮಾನ್‌ಮತ್ ಡ್ಯೂಕ್ ಇಂದಿಗೂ ಮರುಕದ ಹೆಸರು. ಚೆಲುವ, ಧೀರ, ದುಡುಕಿ ಕೆಟ್ಟ ಎನ್ನುತ್ತಾರೆ. ಇಲ್ಲಿ ನೆಲೆಸಿದ ಕನ್ನಡಿಗನಿಗೆ ಅದರಲ್ಲಿ ಮಗನ ದುಡುಕಿಗಿಂತ ಅಪ್ಪ ಅಡ್ಡಗೋಡೆಯ ಮೇಲಿಟ್ಟ ದೀಪವೇ ಹೆಚ್ಚಾಗಿ ಕಾಣುತ್ತದೆ.

ಎರಡನೇ ಚಾರ್ಲ್ಸ್ ಇಂಗ್ಲೆಂಡಿನ ಗದ್ದುಗೆ ಏರುವ ಮೊದಲು ದೇಶ ಬಿಟ್ಟು ಅಲೆಯುತ್ತಿದ್ದಾಗ, 1649ರಲ್ಲಿ, ರಾಟರ್‌ಡ್ಯಾಮಿನಲ್ಲಿ ಲೂಸಿ ವಾಲ್ಟರ್ ಹೆತ್ತ ಮಗ ಈ ಜೇಮ್ಸ್. ಕಟ್ಟಿಕೊಂಡವಳ ಮಗನಲ್ಲ, ಇಟ್ಟುಕೊಂಡವಳ ಮಗ. ಅಂದಿನ ಇಂಗ್ಲಿಷ್ ಕಾನೂನಿನಲ್ಲಿ ಅಂಥವನು 'ಯಾರ ಮಗನೂ ಅಲ್ಲ'; ಅಪ್ಪನ ಸ್ವತ್ತಿನಲ್ಲಿ ಹಕ್ಕಿಲ್ಲ. ಆದರೆ ಅರಸನ ಕೃಪೆಗೆ ಮಿತಿಯಿಲ್ಲ. 1663ರಲ್ಲಿ ಡ್ಯೂಕ್ ಪದವಿ, ಅದೇ ವರ್ಷ ಸ್ಕಾಟ್ಲೆಂಡಿನ ಸಿರಿವಂತ ವಾರಸುದಾರಳೊಡನೆ ಮದುವೆ, ಮುಂದೆ ಸೇನಾಧಿಪತ್ಯ. ಪಟ್ಟದರಾಣಿಗೆ ಮಕ್ಕಳಿಲ್ಲ, ಪ್ರೊಟೆಸ್ಟೆಂಟ್ ದೇಶದಲ್ಲಿ ಅರಸನ ತಮ್ಮ ಕ್ಯಾಥೊಲಿಕ್. ಲೂಸಿಯ ಮದುವೆಪತ್ರ ಒಂದು ಕರಿಪೆಟ್ಟಿಗೆಯಲ್ಲಿದೆ ಎಂಬ ಗುಲ್ಲು ಎದ್ದದ್ದು ಸಹಜವೇ. 1679, 1680ರಲ್ಲಿ 'ಅವಳನ್ನು ಮದುವೆಯಾಗಿಲ್ಲ' ಎಂದು ಚಾರ್ಲ್ಸ್ ಸಾರಿದ. ಅಷ್ಟರಲ್ಲಿ ಮಗನಿಗೆ ಮೂವತ್ತು ದಾಟುತ್ತಿತ್ತು.

ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರ ಬರೆದ ಹಿಂದೂ ಧರ್ಮಶಾಸ್ತ್ರದ ವ್ಯಾಖ್ಯಾನ ಮಿತಾಕ್ಷರ ಈ ವಿಷಯದಲ್ಲಿ ನಿಷ್ಠುರ. ದ್ವಿಜನ ದಾಸೀಪುತ್ರನಿಗೆ ಅಪ್ಪ ಬಯಸಿದರೂ ಪಾಲಿಲ್ಲ. ಅನುಕೂಲನಾಗಿ ನಡೆದುಕೊಂಡರೆ ಜೀವನಾಂಶ. ಶೂದ್ರನ ದಾಸೀಪುತ್ರನಿಗಾದರೋ ಅಪ್ಪನ ಇಚ್ಛೆಯಂತೆ ಪಾಲುಂಟು. ಜಾತಿಗೊಂದು ನ್ಯಾಯ, ಸಮರ್ಥಿಸುವಂಥದ್ದಲ್ಲ. ಆದರೆ ಯಾರ ಎಲೆ ಎಲ್ಲಿ ಎಂಬುದು ಉಣ್ಣುವ ಮೊದಲೇ ಗೊತ್ತು. ಇಂಗ್ಲೆಂಡಿನಲ್ಲಿ ಇಂಥ ಮಕ್ಕಳಿಗೆ, ಉಯಿಲಿಲ್ಲದೆ ಸತ್ತ ಅಪ್ಪನ ಆಸ್ತಿಯಲ್ಲಿ ಪಾಲು ಸಿಕ್ಕಿದ್ದು 1969ರ ಕಾಯ್ದೆಯಿಂದ. ಪದವಿ, ಕಿರೀಟ ಈಗಲೂ ಇಲ್ಲ.

1685ರ ಫೆಬ್ರವರಿಯಲ್ಲಿ ಚಾರ್ಲ್ಸ್ ಸತ್ತ, ಅವನ ತಮ್ಮ ಎರಡನೇ ಜೇಮ್ಸ್ ಪಟ್ಟಕ್ಕೆ ಬಂದ. ಜೂನ್ 11ಕ್ಕೆ ಮಾನ್‌ಮತ್ ಮೂರು ಹಡಗು, 82 ಜನರೊಂದಿಗೆ ಲೈಮ್ ರೀಜಿಸ್‌ನಲ್ಲಿ ಇಳಿದ. ನೇಕಾರರು, ರೈತರು ಸಾವಿರಗಟ್ಟಲೆ ಸೇರಿದರು, ಜಮೀನ್ದಾರರು ಬರಲಿಲ್ಲ. ಹಾಗಾಗಿ ಕುದುರೆಪಡೆ ಕಚ್ಚಾ, ಕೆಲವರ ಕೈಯಲ್ಲಿ ಕೋಲಿಗೆ ಕಟ್ಟಿದ ಕುಡುಗೋಲು. ಟಾಂಟನ್‌ನಲ್ಲಿ ತಾನೇ ಅರಸನೆಂದು ಘೋಷಿಸಿಕೊಂಡ. ಬ್ರಿಸ್ಟಲ್ ಹತ್ತಿರ ಬಂದೂ ಹಿಂಜರಿದದ್ದೇ ದೊಡ್ಡ ತಪ್ಪೆಂದು ನನ್ನ ಎಣಿಕೆ. ಹಣ, ಮದ್ದುಗುಂಡು ಅಲ್ಲಿತ್ತು.

ಉಳಿದದ್ದು ರಾತ್ರಿದಾಳಿಯೊಂದೇ. ಜುಲೈ 5ರ ರಾತ್ರಿ ಬ್ರಿಜ್‌ವಾಟರ್‌ನಿಂದ ಹೊರಟು ಸೆಜ್‌ಮೂರ್ ಜೌಗಿನ ಕಾಲುವೆಗಳನ್ನು ದಾಟಬೇಕಿತ್ತು. (ಇಲ್ಲಿಯವರು ಅವನ್ನು 'ರೀನ್' ಎನ್ನುತ್ತಾರೆ.) ಮಂಜಿನಲ್ಲಿ ದಾರಿಗಾರ ಕಡವು ತಪ್ಪಿದ, ಒಂದು ಗುಂಡು ಹಾರಿತು, ಎದುರಾಳಿ ಎಚ್ಚೆತ್ತ. ಕೊನೆಯ ಕಾಲುವೆಯ ದಾಟುಜಾಗ ಸಿಗದೆ ಕುದುರೆಪಡೆ ಚದುರಿತು. ಕಾಲಾಳುಗಳು ದಂಡೆಯಲ್ಲೇ ನಿಂತು ಕತ್ತಲಲ್ಲಿ ಗುಂಡು ಹಾರಿಸಿ ಮದ್ದು ಮುಗಿಸಿಕೊಂಡರು. ಮದ್ದಿನ ಬಂಡಿಗಳು ಹಿಂದೆಯೇ ಉಳಿದಿದ್ದವು. ಬೆಳಕು ಹರಿದಾಗ ಅರಸನ ರಾವುತರು ಎರಡೂ ಕಡೆಯಿಂದ ಬಿದ್ದರು. ಎರಡು ದಿನಕ್ಕೆ ಅವನು ಹಳ್ಳಿಗನ ಬಟ್ಟೆಯಲ್ಲಿ ಗುಂಡಿಯೊಂದರಲ್ಲಿ ಸಿಕ್ಕ. ಜುಲೈ 15ರಂದು ಅವನ ತಲೆ ಕಡಿಯಲು ಬಂದ ಜ್ಯಾಕ್ ಕೆಚ್‌ನ ಕೊಡಲಿ ಐದು ಏಟಿಗೂ ಕೆಲಸ ಮುಗಿಸದೆ ಚಾಕು ಬೇಕಾಯಿತು. ನ್ಯಾಯಾಧೀಶ ಜೆಫ್ರಿಸ್ ನೂರಾರು ಜನರನ್ನು ನೇಣಿಗೇರಿಸಿದ, ಇನ್ನೂ ನೂರಾರು ಜನರನ್ನು ವೆಸ್ಟ್ ಇಂಡೀಸ್ ತೋಟಗಳ ಜೀತಕ್ಕೆ ಅಟ್ಟಿದ. ಮಾನ್‌ಮತ್ ಪದವಿ ಜಪ್ತಿಯಾಯಿತು. ಹೆಂಡತಿಗೆ ತವರಿನಿಂದ ಬಂದ ಬಕ್ಲೂ ಪದವಿ ಮಾತ್ರ ಅವರ ವಂಶದಲ್ಲಿ ಇಂದಿಗೂ ಇದೆ.

ನಮ್ಮ ತುಳುನಾಡಿನ ಅರಸರಲ್ಲಾದರೆ ಕರಿಪೆಟ್ಟಿಗೆಗೆ ಬೆಲೆಯೇ ಇರುತ್ತಿರಲಿಲ್ಲ. ಅಳಿಯಸಂತಾನದಲ್ಲಿ ಪಟ್ಟ ಅಕ್ಕತಂಗಿಯರ ಮಕ್ಕಳಿಗೆ. ಉಳ್ಳಾಲದ ಅಬ್ಬಕ್ಕನಿಗೂ ಬಂದದ್ದು ಸೋದರಮಾವನಿಂದ. ಅರಸನ ಮಗ ಯಾರ ಹೊಟ್ಟೆಯಲ್ಲಿ ಹುಟ್ಟಿದರೂ ಅರಸನಲ್ಲ. ಆ ಲೆಕ್ಕದಲ್ಲಿ, ಅದೇ ತಾಯಿಯ ಮಗನಾದ ತಮ್ಮನನ್ನು ಬಿಟ್ಟರೆ, ಚಾರ್ಲ್ಸ್‌ನ ಉತ್ತರಾಧಿಕಾರಿ ಯಾರು? ತಂಗಿ ಮೇರಿಯ ಮಗ, ಆರೆಂಜ್‌ನ ವಿಲಿಯಂ. 1688ರ ನವೆಂಬರ್ 5ರಂದು ಅವನು ಟಾರ್‌ಬೇಯಲ್ಲಿ ಇಳಿದ. 82 ಜನರಲ್ಲ, ದೊಡ್ಡ ಡಚ್ ಸೈನ್ಯದೊಂದಿಗೆ. ಪಟ್ಟದಲ್ಲಿದ್ದ ಜೇಮ್ಸ್‌ಗೂ ಅವನು ಸೋದರಳಿಯ, ಜೊತೆಗೆ ಮಗಳ ಗಂಡ. ಕನ್ನಡದಲ್ಲಿ ಎರಡಕ್ಕೂ ಒಂದೇ ಮಾತು: ಅಳಿಯ.