ಭಕ್ತಿಗೆ ಹತ್ತಕ್ಕೆ ಎಷ್ಟಮ್ಮ?

ನಮ್ಮ ಕಡೆ ಹೆಣ್ಣು ನೋಡುವ ಶಾಸ್ತ್ರ ಒಂದು ಗಂಟೆಯಲ್ಲಿ ಮುಗಿಯುತ್ತದೆ. ಉಪ್ಪಿಟ್ಟು, ಕೇಸರಿಬಾತು, ಕಾಫಿ, "ಹಾಡು ಬರುತ್ತಾ?" ಅಂತ ಒಂದು ಪ್ರಶ್ನೆ, ಆಮೇಲೆ "ಊರಿಗೆ ಹೋಗಿ ಫೋನ್ ಮಾಡ್ತೀವಿ". ಅಮೆರಿಕದಲ್ಲಿ ಇದು ನಾಲ್ಕು ದಿನ ನಡೆಯುತ್ತದೆ, ಟಿವಿಯಲ್ಲಿ ನೇರಪ್ರಸಾರ ಬೇರೆ. 2022ರ ಮಾರ್ಚ್ 21ರಂದು ಸೆನೆಟ್‌ನ (ಅಲ್ಲಿನ ಸಂಸತ್ತಿನ ಮೇಲ್ಮನೆ) ನ್ಯಾಯಾಂಗ ಸಮಿತಿಯ 22 ಜನ ಬೀಗರು ಸಾಲಾಗಿ ಕೂತರು. ಎದುರಿಗೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಹುದ್ದೆಗೆ ಅಧ್ಯಕ್ಷ ಬೈಡನ್ ಹೆಸರಿಸಿದ್ದ ಕೆಟಾಂಜಿ ಬ್ರೌನ್ ಜಾಕ್ಸನ್, ಅವರ ಬೆನ್ನ ಹಿಂದೆ ಅಪ್ಪ, ಅಮ್ಮ, ಗಂಡ, ಮಕ್ಕಳು. ಕೊನೇ ದಿನ ಆಕೆಯನ್ನು ಏನೂ ಕೇಳಲಿಲ್ಲ, ಹೊರಗಿನವರನ್ನು ಕರೆಸಿ ವಿಚಾರಿಸಿದರು. ಅದೂ ನಮ್ಮ ಪದ್ಧತಿಯೇ ಬಿಡಿ, ಪಕ್ಕದ ಮನೆಯವರನ್ನು ಕೇಳದೆ ಯಾರು ಸಂಬಂಧ ಮಾಡ್ತಾರೆ?

ಜಾತಕ ಚೆನ್ನಾಗಿಯೇ ಇತ್ತು. ಹಾರ್ವರ್ಡ್‌ನಲ್ಲಿ ಎರಡು ಪದವಿ. ಯಾವ ನ್ಯಾಯಮೂರ್ತಿ ಬ್ರೇಯರ್ ಅವರ ಕುರ್ಚಿ ಖಾಲಿಯಾಗುತ್ತಿತ್ತೋ, ಅವರ ಹತ್ತಿರವೇ ಹಿಂದೆ ಕ್ಲರ್ಕ್, ಅಂದರೆ ಕಾನೂನು ಸಹಾಯಕಿ, ಆಗಿದ್ದವರು. 2013ರಿಂದ ಜಿಲ್ಲಾ ಮಟ್ಟದ ಫೆಡರಲ್ (ಕೇಂದ್ರದ) ಜಡ್ಜ್, 2021ರಲ್ಲಿ ಮೇಲ್ಮನವಿ ನ್ಯಾಯಾಲಯಕ್ಕೆ ಬಡ್ತಿ. ಒಂದೇ ಒಂದು ಕುಜದೋಷ. 2005ರಿಂದ 2007ರವರೆಗೆ ವಾಷಿಂಗ್ಟನ್‌ನಲ್ಲಿ ಪಬ್ಲಿಕ್ ಡಿಫೆಂಡರ್ ಆಗಿದ್ದರು. ಅಂದರೆ, ವಕೀಲರನ್ನು ಇಟ್ಟುಕೊಳ್ಳಲು ದುಡ್ಡಿಲ್ಲದ ಆರೋಪಿಗಳ ಪರ ಸರ್ಕಾರದ ಸಂಬಳದಲ್ಲೇ ವಾದ ಮಾಡುವ ಕೆಲಸ. ಜಾಕ್ಸನ್‌ಗೂ ಮುಂಚೆ ಸುಪ್ರೀಂ ಕೋರ್ಟಿನಲ್ಲಿ ಕೂತ 115 ಜನರಲ್ಲಿ ಒಬ್ಬರೂ ಫೆಡರಲ್ ಪಬ್ಲಿಕ್ ಡಿಫೆಂಡರ್ ಆಗಿದ್ದವರಲ್ಲ. (ಆ ಹುದ್ದೆಯೇ ಶುರುವಾದದ್ದು 1970ರ ಆಸುಪಾಸಿನಲ್ಲಿ, ಅದನ್ನೂ ಹೇಳಬೇಕು. ಆದರೂ ಐವತ್ತು ವರ್ಷ ಕಮ್ಮಿ ಅಲ್ಲ.)

ಈ ಕೆಲಸವನ್ನು ಆಕೆ ಕದ್ದುಮುಚ್ಚಿ ಮಾಡಿದ್ದಲ್ಲ. ಮಾಡಿ ಅಂತ ಹೇಳಿದ್ದೇ ಸುಪ್ರೀಂ ಕೋರ್ಟು. 1961ರಲ್ಲಿ ಫ್ಲಾರಿಡಾದ ಪನಾಮಾ ಸಿಟಿ ಅನ್ನೋ ಊರಲ್ಲಿ ಕ್ಲಾರೆನ್ಸ್ ಅರ್ಲ್ ಗಿಡಿಯನ್ ಎಂಬ ಬಡವನ ಮೇಲೆ ಪೂಲ್ ಆಟದ ಮನೆಗೆ ನುಗ್ಗಿ ಕದ್ದ ಆರೋಪ ಬಂತು. "ಸ್ವಾಮಿ, ನನಗೊಬ್ಬ ವಕೀಲರನ್ನು ಕೊಡಿ" ಅಂದ. "ಗಲ್ಲಿನ ಕೇಸಾದರೆ ಮಾತ್ರ ಕೊಡ್ತೀವಿ" ಅಂದರು. ತಾನೇ ವಾದ ಮಾಡಿ ಸೋತ, ಐದು ವರ್ಷ ಶಿಕ್ಷೆಯಾಯಿತು. ಜೈಲಿನ ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ಅರ್ಜಿ ಬರೆದು ಸುಪ್ರೀಂ ಕೋರ್ಟಿಗೆ ಕಳಿಸಿದ. 1963ರ ಮಾರ್ಚ್ 18ರಂದು ಒಂಬತ್ತೂ ಜನ ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ, ದುಡ್ಡಿಲ್ಲದ ಆರೋಪಿಗೆ ಸರ್ಕಾರವೇ ವಕೀಲರನ್ನು ಕೊಡಬೇಕು ಅಂದರು. ಎರಡನೇ ಸಲ ವಿಚಾರಣೆ ಆದಾಗ ಪಕ್ಕದಲ್ಲಿ ವಕೀಲ ಇದ್ದ. ಗಿಡಿಯನ್ ಖುಲಾಸೆ ಆಗಿ ಮನೆಗೆ ಹೋದ. ಸುಪ್ರೀಂ ಕೋರ್ಟಿನಲ್ಲಿ ಅವನ ಪರ ವಾದಿಸಿದ ಏಬ್ ಫೋರ್ಟಾಸ್ 1965ರಲ್ಲಿ ಅದೇ ಕೋರ್ಟಿನ ನ್ಯಾಯಮೂರ್ತಿಯಾದರು.

ಇಷ್ಟೆಲ್ಲ ಆಗಿ 59 ವರ್ಷ, ಮೇಲೆ ಮೂರು ದಿನ ಕಳೆದ ಮೇಲೆ ಜಾಕ್ಸನ್ ಅವರ ಹೆಣ್ಣು ನೋಡುವ ಶಾಸ್ತ್ರ ಶುರುವಾಯಿತು. ಬೈಡನ್‌ಗೆ ಎದುರು ಪಕ್ಷವಾದ ರಿಪಬ್ಲಿಕನ್ ಬೀಗರಿಗೆ ಒಂದೇ ಅನುಮಾನ: ಕಳ್ಳರ ಪರ ನಿಂತವಳು ನಮ್ಮ ಮನೆಗೆ ಸರಿಹೋಗ್ತಾಳಾ? ಸೆನೆಟ್‌ನಲ್ಲಿ ಆ ಪಕ್ಷದ ನಾಯಕರಾಗಿದ್ದ ಮಿಚ್ ಮೆಕಾನೆಲ್ ಅವರಂತೂ, ಈಕೆಗೆ ಅಪರಾಧಿಗಳ ಮೇಲೆ ವಿಶೇಷ ಅನುಕಂಪ ಇದೆ ಅಂತ ಬೆಂಬಲಿಗರೇ ಅಂದುಕೊಂಡಿದ್ದಾರಲ್ಲ ಅನ್ನುವ ಅರ್ಥದಲ್ಲಿ ಚುಚ್ಚಿದರು. ಆದರೆ ಅದೇ ಕೋರ್ಟಿನ ನ್ಯಾಯಮೂರ್ತಿಗಳಾದ ಸೋನಿಯಾ ಸೊಟೊಮಾಯೋರ್ ಮತ್ತು ಸ್ಯಾಮ್ಯುಯೆಲ್ ಅಲಿಟೊ ಇಬ್ಬರೂ ಹಿಂದೆ ಪ್ರಾಸಿಕ್ಯೂಟರ್‌ಗಳು, ಅಂದರೆ ಆರೋಪಿಗಳ ವಿರುದ್ಧ ವಾದಿಸುವ ಸರ್ಕಾರಿ ವಕೀಲರು, ಆಗಿದ್ದವರೇ. ಅದಕ್ಕೆ ಅನುಭವ ಅಂತ ಹೆಸರು. ಜನರನ್ನು ಒಳಗೆ ಹಾಕಿಸಿದರೆ ಅನುಭವ. ಹಾಕಿಸಿದ್ದು ಸರಿಯಾ ಅಂತ ಕೇಳಿದರೆ ಅನುಕಂಪ.

ಸೆನೆಟರ್ ಟಾಮ್ ಕಾಟನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹಿಂದಿನ ನ್ಯಾಯಮೂರ್ತಿ (ರಾಬರ್ಟ್) ಜಾಕ್ಸನ್ ಎರಡನೇ ಮಹಾಯುದ್ಧ ಮುಗಿದ ಮೇಲೆ ನ್ಯೂರೆಂಬರ್ಗ್ ವಿಚಾರಣೆಗೆ ಹೋಗಿ ನಾಜಿಗಳ ವಿರುದ್ಧ ವಾದಿಸಿದ್ದರು, ಈ ಜಾಕ್ಸನ್ ಹೋಗಿದ್ದರೆ ನಾಜಿಗಳ ಪರ ವಾದಿಸುತ್ತಿದ್ದರೇನೋ ಅಂದುಬಿಟ್ಟರು. ಹೆಸರು ಒಂದೇ ಅಂತ ಸಿಕ್ಕ ಉಪಮೆ. ಆದರೆ ನ್ಯೂರೆಂಬರ್ಗ್‌ನಲ್ಲಿ ನಾಜಿಗಳಿಗೂ ವಕೀಲರಿದ್ದರು. ಮೂವರು ಖುಲಾಸೆಯೂ ಆದರು. ಅದು ವಿಚಾರಣೆ ಅನ್ನಿಸಿಕೊಂಡಿದ್ದೇ ಅದಕ್ಕೆ, ಇಲ್ಲದಿದ್ದರೆ ಸುಮ್ನೆ ಗೋಡೆಗೆ ನಿಲ್ಲಿಸಿ ಗುಂಡು ಹೊಡೆದು ಮುಗಿಸಬಹುದಿತ್ತು. ಕಾಟನ್ ಕೂಡ ಹಾರ್ವರ್ಡ್‌ನಲ್ಲೇ ಕಾನೂನು ಓದಿದವರು, ಅಲ್ವಾ?

ಅವರನ್ನು ನೋಡಿ ನಗುವ ಮುಂಚೆ ಒಂದು ಮಾತು. 2020ರಲ್ಲಿ ನಮ್ಮ ಹುಬ್ಬಳ್ಳಿಯ ವಕೀಲರ ಸಂಘವೇ, ದೇಶದ್ರೋಹದ ಆರೋಪ ಹೊತ್ತಿದ್ದ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ಪರ ಯಾರೂ ವಕಾಲತ್ತು ಹಾಕಬಾರದು ಅಂತ ನಿರ್ಣಯ ಮಾಡಿತ್ತು. ಇದು ತಪ್ಪು ಅಂತ ಹೈಕೋರ್ಟೇ ಹೇಳಬೇಕಾಯಿತು.

ಇರಲಿ, ಮತ್ತೆ ಶಾಸ್ತ್ರಕ್ಕೆ ಬರೋಣ. ಒಬ್ಬರು "ಹೆಣ್ಣು ಅಂದರೇನು, ಅರ್ಥ ಹೇಳಿ" ಅಂದರು. ಟೆಡ್ ಕ್ರೂಜ್ ಮಕ್ಕಳ ಚಿತ್ರಪುಸ್ತಕ ಎತ್ತಿ ಹಿಡಿದು, ಹಸುಗೂಸುಗಳು ಜನಾಂಗದ್ವೇಷಿಗಳಾ ಅಂತ ಕೇಳಿದರು. ನನ್ನ ಮೆಚ್ಚಿನ ಬೀಗರು ಮಾತ್ರ ಲಿಂಡ್ಸಿ ಗ್ರಹಾಂ. "ದೇವರ ಮೇಲೆ ನಿನಗೆ ಭಕ್ತಿ ಎಷ್ಟು, ಒಂದರಿಂದ ಹತ್ತರೊಳಗೆ ಹೇಳು" ಅನ್ನುವ ಧಾಟಿಯ ಪ್ರಶ್ನೆ ಅವರದು. ಹಿಂದೆ ನಮ್ಮ ಪಕ್ಷದ ಕಡೆಯ ಹುಡುಗಿ, ನ್ಯಾಯಮೂರ್ತಿ ಏಮಿ ಕೋನಿ ಬ್ಯಾರೆಟ್‌ಗೆ ನೀವು ಧರ್ಮದ ವಿಚಾರ ತೆಗೆದು ಕಾಟ ಕೊಟ್ಟಿರಲ್ಲ, ಅದಕ್ಕೆ ಇದು ಅನ್ನೋ ಲೆಕ್ಕ. ಜಾಕ್ಸನ್ ನಂಬರ್ ಕೊಡಲಿಲ್ಲ. ಎಂಟು ಅಂದಿದ್ದರೆ ಉಳಿದ ಎರಡು ಎಲ್ಲಿ ಹೋಯಿತು ಅಂತ ಮರುದಿನ ಶುರುವಾಗುತ್ತಿತ್ತು. ಗ್ರಹಾಂ ಅವರೂ ವಾಯುಪಡೆಯಲ್ಲಿ ಆರೋಪಿಗಳ ಪರ ವಕೀಲರಾಗಿದ್ದವರೇ, ಗಾಂಜಾ ಸೇದಿದ ಆರೋಪ ಹೊತ್ತ ಪೈಲಟ್ ಒಬ್ಬನ ಪರ ವಾದಿಸಿ ಹೆಸರು ಮಾಡಿದವರು. ಇನ್ನೂ ಮಜಾ ಏನೆಂದರೆ 2021ರಲ್ಲಿ ಇದೇ ಹುಡುಗಿಯನ್ನು ಮೇಲ್ಮನವಿ ನ್ಯಾಯಾಲಯಕ್ಕೆ ಕಳಿಸುವಾಗ ಇದೇ ಮಾವ ಕೇಸರಿಬಾತು ತಿಂದು "ಒಪ್ಪಿಗೆ" ಅಂದಿದ್ದರು.

ಏಪ್ರಿಲ್ 7ಕ್ಕೆ ಇಡೀ ಸೆನೆಟ್‌ನ ಮುಂದೆ ಮುಹೂರ್ತ. ಮತದಾನ ನಿಂತಿತು, ಯಾಕೆಂದರೆ ರ‍್ಯಾಂಡ್ ಪಾಲ್ ಅನ್ನೋ ಬೀಗರು ಇನ್ನೂ ಬಂದಿರಲಿಲ್ಲ. ಎಲ್ಲರೂ ಬಾಗಿಲು ನೋಡುತ್ತಾ ಕಾದರು. ಅವರು ಕೊನೆಗೆ ಬಂದು "ಬೇಡ" ಅಂದರು, 53ಕ್ಕೆ 47ರಲ್ಲಿ ಸಂಬಂಧ ಕುದುರಿತು. ರಿಪಬ್ಲಿಕನ್ ಕಡೆಯಿಂದ ಒಪ್ಪಿದವರು ಮೂವರೇ: ಕಾಲಿನ್ಸ್, ಮರ್ಕೌಸ್ಕಿ, ರಾಮ್ನಿ. ಗ್ರಹಾಂ ಕೂಡ ಈ ಸಲ "ಬೇಡ" ಅಂದರು. ಆದರೆ ಸಭೆಯೊಳಗೆ ಬಂದು ಅಲ್ಲ, ಪಕ್ಕದ ಕೋಟು ಬಿಚ್ಚಿಡುವ ಕೋಣೆಯಿಂದ. ಟೈ ಇಲ್ಲದೆ ಸಭೆಯೊಳಗೆ ಬರುವಂತಿರಲಿಲ್ಲ, ಆವತ್ತು ಅವರು ಟೈ ಹಾಕಿರಲಿಲ್ಲ.